ಕಾಲು ಮಿಲಿಮೀಟರ್

ಬ್ಯಾಲರಾಟ್‌ನಲ್ಲಿ, ನನ್ನ ಅರ್ಧ ವಯಸ್ಸಿನ ಡಾಕ್ಟರ್ ಥ್ವಿ ಲಾಮ್
ಗಾಜಿನಂಥ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದಳು:
"ಇದು ನಿಮ್ಮ ಹಲ್ಲಿನ ಅಚ್ಚಲ್ಲ ವಾರಿಜಾ,
ಮುಂದಿನ ವಾರದ ಹಲ್ಲಿನ ಅಚ್ಚು.
ಕಾಲು ಮಿಲಿಮೀಟರ್ ಸುಳ್ಳು.
ಹತ್ತು ದಿನ ಬಾಯಲ್ಲಿಟ್ಟುಕೊಳ್ಳಿ, ನಿಜವಾಗುತ್ತೆ."

ಐವತ್ತಮೂರು ನನಗೆ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು
ಗಂಡ ಬೇಸಿನ್ನಿನ ಬಳಿ ನಿಂತು ನಕ್ಕ.
ಅವನದು ನೆಟ್ಟಗಿನ ಸಾಲು, ನಗಲು ಅಡ್ಡಿಯಿಲ್ಲ.
ಈಗ ಯಾರಿಗೆ ತೋರಿಸೋಕೆ, ಎಂದ.
ಉತ್ತರ ಹೊಳೆಯಲಿಲ್ಲ. ತಟ್ಟೆ ಒತ್ತಿದೆ. ಟಕ್.

ಮೊದಲ ರಾತ್ರಿ ನೋವಿರಲಿಲ್ಲ, ಬಿಗಿಯಿತ್ತು;
ಮೈಗೆ ಸಣ್ಣದಾದ ರವಿಕೆ ತೊಟ್ಟು
ಮದುವೆ ಮನೆಯಲ್ಲಿ ಕೂತ ಹಾಗೆ.
ಪ್ಲಾಸ್ಟಿಕ್ಕು ಹಲ್ಲಿನ ಮೇಲೆ ಹಿಗ್ಗಿ ಕೂತಿದೆ,
ತನ್ನ ಆಕಾರಕ್ಕೆ ಮರಳಬೇಕು ಅದಕ್ಕೆ,
ಹಲ್ಲು ಬಿಡುತ್ತಿಲ್ಲ.
ಆ ಹಟವೇ ಬಲ.
ತಂತಿಯಿಲ್ಲ, ತಿರುಪಿಲ್ಲ.

ಕೋರೆಹಲ್ಲು ಮಾತ್ರ ತಿರುಗಬೇಕಿತ್ತು.
ನುಣುಪು ಹಲ್ಲು, ನುಣುಪು ತಟ್ಟೆ, ಹಿಡಿತವೆಲ್ಲಿ?
ಅಕ್ಕಿಕಾಳಿನಷ್ಟು ಬುಗುಟೊಂದನ್ನು ಅಂಟಿಸಿದಳು,
ಹಲ್ಲಿನದೇ ಬಣ್ಣದ್ದು.
ನಾಲಿಗೆ ದಿನವಿಡೀ ಅಲ್ಲಿಗೇ ಹೋಗಿ ಬರುತ್ತಿತ್ತು,
ಅನ್ನದಲ್ಲಿ ಕಲ್ಲು ಸಿಕ್ಕವರಂತೆ.

ನಾನು ರೈಲಿನ ಕಂಡಕ್ಟರ್.
ಮೆಲ್ಬರ್ನಿಗೆ ಹೋಗುವ ಬೆಳಗಿನ ಗಾಡಿಯಲ್ಲಿ
ನಿಲ್ದಾಣಗಳ ಹೆಸರು ಹೇಳುವುದು ನನ್ನ ಕೆಲಸ.
ತ ಥ ದ ಧ ನ,
ನಾಲಿಗೆ ಹಲ್ಲಿಗೆ ತಾಗಿದರಷ್ಟೇ ಹುಟ್ಟುವ ಮಕ್ಕಳು.
ಈಗ ನಡುವೆ ಗೋಡೆ, ಉಗುರಿನಷ್ಟು ತೆಳು.
ಸಕಾರ ಶಕಾರವಾಯಿತು.
"ಮುಂದಿನ ನಿಲ್ದಾಣ ಶನ್‌ಶೈನ್" ಎಂದೆ ಮೈಕಿನಲ್ಲಿ.
ಮೂರನೇ ಬೋಗಿಯ ಶಾಲೆಮಕ್ಕಳು
ಶನ್‌ಶೈನ್ ಶನ್‌ಶೈನ್ ಎಂದು ಇಳಿಯುವವರೆಗೂ ಕುಣಿದವು.
ಹಲ್ಲು ಕಚ್ಚಿ ಸಹಿಸು ಅಂತಾರಲ್ಲ,
ಡಾಕ್ಟರ್ ಅದಕ್ಕೂ ಒಂದು ರಬ್ಬರ್ ತುಂಡು ಕೊಟ್ಟಿದ್ದಳು.

ಹಳಿಯೂ ಸರಿಯುತ್ತದೆಂದು ಮಂದಿಗೆ ಗೊತ್ತಿಲ್ಲ.
ಬ್ಯಾಲನ್ ದಾಟಿದ ಮೇಲೊಂದು ತಿರುವು.
ರಾತ್ರಿ ಹಳದಿ ಯಂತ್ರ ಬಂದು ಹಳಿಯನ್ನು ಹಿಡಿದೆತ್ತಿ
ಒಂದಿಷ್ಟೇ ಪಕ್ಕಕ್ಕೆ ಸರಿಸಿ
ಜಲ್ಲಿಯನ್ನು ಅಡಿಗೆ ಗುದ್ದಿ ಹೋಗುತ್ತದೆ.
ಬೆಳಗಿನ ಪ್ರಯಾಣಿಕರು ಫೋನಿನಲ್ಲಿರುತ್ತಾರೆ.
ಹಲ್ಲೂ ಹಾಗೆಯೇ, ಮೂಳೆಗೆ ಹೊಡೆದ ಗೂಟವಲ್ಲವಂತೆ,
ನಾರಿನ ಜೋಲಿಯಲ್ಲಿ ಮಲಗಿಸಿದ ಕೂಸು.
ತಳ್ಳಿದ ಕಡೆ ನಾರು ನಲುಗಿ
ಮೂಳೆ ತಿನ್ನುವ ಕಣಗಳು ಬಂದು ದಾರಿ ಕೊರೆಯುತ್ತವೆ;
ಬಿಟ್ಟುಬಂದ ಕಡೆ ನಾರು ಸೆಳೆದು
ಮೂಳೆ ಕಟ್ಟುವ ಕಣಗಳು ಹಳ್ಳ ತುಂಬುತ್ತವೆ.
ಜೋರು ಮಾಡಿದರೆ ರಕ್ತವೇ ನಿಂತು ಕೆಲಸ ಸ್ತಬ್ಧ.
ಮೆಲ್ಲಗೆ ತಳ್ಳಬೇಕು, ಬಿಡದೆ ತಳ್ಳಬೇಕು,
ದಿನಕ್ಕೆ ಇಪ್ಪತ್ತೆರಡು ಗಂಟೆ.
ಉಳಿದೆರಡರಲ್ಲಿ ತಿಂಡಿ, ಊಟ, ಕಾಫಿ,
ಮತ್ತೆ ಗಂಡನ ಜತೆ ಜಗಳ,
ಸಕಾರ ಸರಿಯಾಗಿ ಬರಲಿ ಅಂತ.

ಹದಿನೇಳನೇ ತಟ್ಟೆಯ ಹೊತ್ತಿಗೆ
ಕೆಳಗೆ ಅಡ್ಡ ನಿಂತಿದ್ದ ಹಲ್ಲು ಸಾಲಿಗೆ ಬಂತು.
ಅದು ಅಮ್ಮನಿಗಿತ್ತು, ಅವಳ ತಮ್ಮ ವಾಮನಮಾವನಿಗಿತ್ತು.
ಇರುವ ಒಂದೇ ಫೋಟೋದಲ್ಲಿ
ಇಬ್ಬರೂ ಬಾಯಿ ಮುಚ್ಚಿದ್ದಾರೆ.

ಇಪ್ಪತ್ತಾರು ಮುಗಿದವು.
ಇನ್ನು ರಾತ್ರಿ ಮಾತ್ರ, ಒಂದು ಕಾವಲು ತಟ್ಟೆ.
ಎಷ್ಟು ವರ್ಷ ಎಂದೆ.
"ಹಲ್ಲಿರುವವರೆಗೆ" ಎಂದಳು.
ನಾರುಗಳಿಗೆ ಹಳೇ ಜಾಗ ಬೇಗ ಮರೆಯುವುದಿಲ್ಲವಂತೆ.

ಭಾನುವಾರ ಡ್ರಾಯರ್ ಖಾಲಿ ಮಾಡುವಾಗ
ಒಂದನೇ ನಂಬರಿನದು ಸಿಕ್ಕಿತು.
ಹಾಕಿ ನೋಡಿದೆ, ಕೂರಲಿಲ್ಲ.
ಸ್ವಲ್ಪ ಒತ್ತಿದೆ.
ಒಂದಂಚಿನಲ್ಲಿ ಹಿಡಿಯಿತು,
ಅದೇ ಹಟ, ಅದೇ ಬಿಗಿ,
ಈ ಸಲ ಹಿಂದಕ್ಕೆ.
ತೆಗೆದೆ, ತೊಳೆದೆ,
ಒರೆಸಿ ಮತ್ತೆ ಡ್ರಾಯರಿನಲ್ಲೇ ಇಟ್ಟೆ.